ಪ್ಲೇಯರಿಗೆ ಕೈ ಹಚ್ಚಿ ಕೂತವರು

ಮೊನ್ನೆ ಅಂಗಿಯ ಗುಂಡಿಯೊಂದು ಉದುರಿತೆಂದು ಗುಂಡಿಗಳ ಡಬ್ಬಿಯನ್ನು ಸುರುವಿಕೊಂಡು ಕೂತಿದ್ದೆ. ಇಂಥ ಡಬ್ಬಿ ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ. ನಮಗೆ ಬೇಕಾದ ಗುಂಡಿಯೊಂದನ್ನು ಬಿಟ್ಟು ಜಗತ್ತಿನ ಎಲ್ಲ ಸಾಮಾನೂ ಅದರಲ್ಲಿ ಸಿಗುತ್ತದೆ. ಸ್ವೆಟರಿನ ಗುಂಡಿ, ಬೆಲ್ಟಿನ ಕೊಂಡಿ, ಯಾರದೋ ಕಿವಿಯೋಲೆಯ ತಿರುಪು, ಯಾವ ಬೀಗಕ್ಕೂ ಹತ್ತದ ಕೀಲಿ. ಆ ರಾಶಿಯಲ್ಲಿ ನನ್ನ ಕೈಗೆ ಸಿಕ್ಕಿದ್ದು ಹೆಬ್ಬೆರಳ ಗಾತ್ರದ ಒಂದು ಪ್ಲಗ್ಗು. ಸುತ್ತಲೂ ತಗಡಿನ ಬಳೆ, ಒಳಗೆ ಅರ್ಧಚಂದ್ರಾಕಾರದಲ್ಲಿ ನಿಂತ ಐದು ಸೂಜಿಗಳು. ಬಾಲದ ತಂತಿಯನ್ನು ಯಾರೋ ಬುಡದಲ್ಲೇ ಕತ್ತರಿಸಿದ್ದರು. ಯಾರೋ ಏನು, ನಾನೇ ಕತ್ತರಿಸಿದ್ದು.

ಈಗಿನವರಿಗೆ ಇದನ್ನು ವಿವರಿಸುವುದು ಕಷ್ಟ. ಈಗ ಹಾಡು ಗಾಳಿಯಲ್ಲೇ ಬಂದು ಕಿವಿಗೆ ಇಳಿಯುತ್ತದೆ. ನಮ್ಮ ಕಾಲದಲ್ಲಿ ಹಾಗಲ್ಲ. ರೆಕಾರ್ಡಿನಿಂದ ಸೂಜಿಗೆ, ಸೂಜಿಯಿಂದ ತಂತಿಗೆ, ತಂತಿಯಿಂದ ಪ್ಲಗ್ಗಿಗೆ, ಪ್ಲಗ್ಗಿನಿಂದ ಆಂಪ್ಲಿಫೈಯರಿಗೆ, ಅಲ್ಲಿಂದ ಸ್ಪೀಕರಿನ ಡಬ್ಬಿಗೆ, ಹೀಗೆ ಹಾಡು ಊರೂರು ತಿರುಗಿ ದಣಿದು ನಮ್ಮ ಹತ್ತಿರ ಬರುತ್ತಿತ್ತು. ದಾರಿ ಇಷ್ಟು ಉದ್ದವಾದ ಮೇಲೆ, ದಾರಿಯನ್ನು ರಿಪೇರಿ ಮಾಡುವವರು ಹುಟ್ಟಿಕೊಳ್ಳದೆ ಇರುತ್ತಾರೆಯೇ? ಹಾಡು ಕೇಳುವವರಿಗಿಂತ ಅವರ ಸಂಖ್ಯೆಯೇ ಹೆಚ್ಚಾಗಿತ್ತು. ನಾನು ಆ ಪಂಥದವನು.

ಎಂಬತ್ತರ ದಶಕದ ಆರಂಭದ ದಿನಗಳು. ನಮ್ಮ ಮನೆ ಬೆಳಗಾವಿಯ ಹಿಂದವಾಡಿಯಲ್ಲಿ. ಮನೆಯಲ್ಲಿ ಆಯಿ, ಅವ್ವ, ನಾನು. ಆಯಿ ಎಂದರೆ ನಮ್ಮಲ್ಲಿ ಅಜ್ಜಿ, ಗೋಡೆಯಾಚೆಯ ಮರಾಠಿ ಮನೆಯಲ್ಲಿ ಆಯಿ ಎಂದರೆ ತಾಯಿ. ಹೀಗಾಗಿ ಆ ಮನೆಯ ಮಕ್ಕಳು ‘ಆಯೀ’ ಎಂದು ಕೂಗಿದಾಗಲೆಲ್ಲ ನಮ್ಮ ಅಜ್ಜಿ ‘ಏನಲೇ’ ಎಂದು ಓಗೊಡುತ್ತಿದ್ದಳು. ಅಪ್ಪ ತೀರಿಕೊಂಡಿದ್ದರಿಂದ ಮನೆಯ ಕಾರುಬಾರು ಅವಳದೇ. ನಾನು ಸೈಕಲ್ಲು ತುಳಿದು ಪೀರನವಾಡಿ ದಾಟಿ ಮಚ್ಛೆಯ ಒಂದು ಸಣ್ಣ ಕಾರ್ಖಾನೆಗೆ ಕಾರಕೂನಿಕೆ ಮಾಡಲು ಹೋಗುತ್ತಿದ್ದೆ. ಅಲ್ಲಿ ದಿನವಿಡೀ ಕಬ್ಬಿಣ ಬಡಿಯುವ ಸದ್ದು. ಸಂಜೆ ಮನೆಗೆ ಬಂದರೆ ಕಿವಿಗೆ ಏನಾದರೂ ಒಳ್ಳೆಯದು ಬೀಳಲಿ ಎಂಬ ಆಸೆ ಹುಟ್ಟುವುದು ಸಹಜವಲ್ಲವೇ?

ಕ್ಯಾಂಪಿನಲ್ಲಿ ಮಿಲಿಟರಿ ಅಧಿಕಾರಿಗಳಿಗೆ ವರ್ಗವಾದಾಗ ಅವರು ಮನೆಯ ಸಾಮಾನು ಮಾರಿ ಹೋಗುತ್ತಿದ್ದರು. ಬೆಳಗಾವಿಯ ಅರ್ಧ ಮನೆಗಳ ಬೆತ್ತದ ಕುರ್ಚಿಗಳು ಹಾಗೆ ಬಂದವು. ನಮ್ಮ ಮನೆಗೆ ಹಾಗೆ ಬಂದದ್ದು ಒಂದು ರೆಕಾರ್ಡ್ ಪ್ಲೇಯರು ಮತ್ತು ಅದರ ಆಂಪ್ಲಿಫೈಯರು. ಪ್ಲೇಯರಿನ ಬೆನ್ನಿನಿಂದ ಒಂದು ಸಪೂರ ತಂತಿ ಹೊರಬಂದು ಈ ಐದು ಸೂಜಿಯ ಪ್ಲಗ್ಗಿನಲ್ಲಿ ಮುಗಿಯುತ್ತಿತ್ತು. ಅದನ್ನು ಆಂಪ್ಲಿಫೈಯರಿನ ಬೆನ್ನಿಗೆ ತುರುಕಿದರೆ ಮುಗಿಯಿತು, ಹಾಡು ಗಂಗೆಯ ಹಾಗೆ ತಿಳಿಯಾಗಿ ಬರುತ್ತಿತ್ತು. ಒಂದು ಕೊರತೆಯೂ ಇರಲಿಲ್ಲ. ಕೊರತೆ ಇಲ್ಲದಿರುವುದೇ ನನಗೆ ಕೊರತೆಯಾಗಿ ಕಾಡತೊಡಗಿತು.

ಆಗ ಪದ್ಮಣ್ಣ ಬಂದ. ಪದ್ಮಣ್ಣ ನನ್ನ ಸಾಲೆಯ ಗೆಳೆಯ, ಜೈನರವನು, ಖಡೇ ಬಾಜಾರಿನಲ್ಲಿ ಅವರಪ್ಪನ ಬಟ್ಟೆಯ ಅಂಗಡಿ. ಅಂಗಡಿಯಲ್ಲಿ ಖಣ ಹರಿಯಬೇಕಾದವನು ಅಲ್ಲಿ ಕೂಡದೆ ಊರವರ ರೇಡಿಯೋ ಬಿಚ್ಚುತ್ತ ತಿರುಗುತ್ತಿದ್ದ. ದುಡ್ಡು ಮುಟ್ಟುತ್ತಿರಲಿಲ್ಲ, ಚಹಾ ಕುಡಿಯುತ್ತಿದ್ದ. ಅವನಿಗೆ ಬೇರೆ ಎರಡು ಹುಚ್ಚು. ಒಂದು, ಯಾವ ಯಂತ್ರವನ್ನೂ ಅದು ಇದ್ದ ಹಾಗೆ ಇರಗೊಡಬಾರದು. ಇನ್ನೊಂದು, ಯಾವ ಹುಡುಗನನ್ನೂ ಮದುವೆಯಿಲ್ಲದೆ ಇರಗೊಡಬಾರದು. ಎರಡರಲ್ಲೂ ಅವನ ವಿಧಾನ ಒಂದೇ. ಎರಡು ತುದಿ ತಂದು ಜೋಡಿಸುವುದು, ಆಮೇಲೆ ದೂರ ನಿಂತು ನೋಡುವುದು.

ಪದ್ಮಣ್ಣ ಪ್ಲೇಯರಿನ ಹಿಂಭಾಗಕ್ಕೆ ಬಗ್ಗಿ ನೋಡಿ, ಡಾಕ್ಟರರು ನಾಲಿಗೆ ನೋಡಿ ಮಾಡುವಂಥ ಸದ್ದು ಮಾಡಿದ.

“ಮಲ್ಲು, ಇದೇನಲೇ ಇದು, ಕುರಿ ಬಾಲ ಇದ್ದಂಗ ಐತಿ ವಾಯರು! ಇದರಾಗ ಹಾಡು ಹೆಂಗ ಹಾಯ್ದು ಬರಬೇಕು? ಉಸರ ಗಟ್ಟಿ ಸಾಯತೈತಿ.”

“ಚಲೋನ ಕೇಳಸತೈತಲ್ಲೊ.”

“ನಿನಗ ಚಲೋ ಅಂದ್ರ ಏನು ಅನ್ನೂದ ಗೊತ್ತಿಲ್ಲ. ಆರ್‌ಸಿಎ ಪಿನ್ ಹಾಕೂಣು. ಎಡಕ್ಕೊಂದು, ಬಲಕ್ಕೊಂದು. ದಪ್ಪ ವಾಯರು ತರೂಣು. ಆಮ್ಯಾಲೆ ಕೇಳು, ಹಾಡಾಕಿ ಉಗುಳು ನುಂಗಿದ್ದೂ ಕೇಳಸತೈತಿ.”

ಹಾಡುವವಳು ಉಗುಳು ನುಂಗಿದ್ದು ಕೇಳಬೇಕೆಂಬ ಆಸೆ ನನಗೆ ಅಲ್ಲಿಯವರೆಗೆ ಇರಲಿಲ್ಲ. ಆ ಕ್ಷಣದಿಂದ ಅದಿಲ್ಲದೆ ಬದುಕುವುದು ಹೇಗೆಂದು ತಿಳಿಯದಾಯಿತು.

ಆದಿತ್ಯವಾರ ಮುಹೂರ್ತ. ಹಳೆಯ ಪ್ಲಗ್ಗನ್ನು ನಾನು ಕತ್ತರಿಸಿ ಹಾಕಿದೆ, ಪ್ಲೇಯರಿನ ಬೆನ್ನಿಗೆ ಎರಡು ತೂತು ಕೊರೆದು ಕೆಂಪು ಬಿಳಿ ಸಾಕೆಟ್ಟುಗಳನ್ನು ಕೂಡಿಸಿದೆವು. ಬೆಸುಗೆಯ ರಾಳದ ಹೊಗೆ ಮನೆತುಂಬ ಎದ್ದಾಗ ಒಳಗಿನ ಕೋಣೆಯಿಂದ ಆಯಿ, ಯಾರೋ ಧೂಪ ಹಾಕಿದರೆಂದು ತಿಳಿದು ಕೈಮುಗಿದುಕೊಂಡೇ ಹೊರಬಂದಳು. ಕಂಡದ್ದು ಹೊಟ್ಟೆ ಬಿಚ್ಚಿಕೊಂಡು ಬೋರಲು ಬಿದ್ದ ಪ್ಲೇಯರು.

“ನಿನ್ನೀತನಾ ಹಾಡತಿತ್ತಲ್ಲೊ ಇದು?”

“ಇನ್ನೂ ಚಲೋ ಹಾಡಲಿ ಅಂತ, ಆಯಿ.”

“ಮಾಡಾಕ ಕೆಲಸಿಲ್ಲದ ಬಡಿಗ್ಯಾ ಮಗನ ಮುಕಳಿ ಕೆತ್ತಿದ್ನಂತ,” ಎಂದು ಆಯಿ ಮುಗಿದ ಕೈ ಬಿಟ್ಟು ಒಳಗೆ ಹೋದಳು.

ಪ್ಲೇಯರಿನ ಹೊಟ್ಟೆಯೊಳಗೆ ಐದು ಎಳೆಗಳಿದ್ದವು. ಎಡಗಡೆಯ ಹಾಡಿಗೆ ಎರಡು, ಬಲಗಡೆಯ ಹಾಡಿಗೆ ಎರಡು. ನಾಲ್ಕನ್ನೂ ಹೊಸ ಸಾಕೆಟ್ಟುಗಳಿಗೆ ಹಚ್ಚಿದೆವು. ಕಪ್ಪು ಬಣ್ಣದ ಐದನೆಯ ಎಳೆ, ಪಂಕ್ತಿಯಲ್ಲಿ ಎಲೆ ಸಿಗದವನ ಹಾಗೆ, ಒಂಟಿಯಾಗಿ ನಿಂತಿತು.

“ಇದು ಎಲ್ಲಿಗೆ ಹಚ್ಚೂದೊ?”

“ಅದು ಹೆಚ್ಚಿಂದು. ಫ್ಯಾಕ್ಟರ್ಯಾಗ ಅಳತಿ ತಪ್ಪಿ ಹಾಕಿರ್ತಾರ. ಕತ್ತರಸು.”

ಕತ್ತರಿಸಿದೆ. ಇಡೀ ಪ್ಲೇಯರಿನ ಲೋಹದ ಮೈಯನ್ನು ನೆಲಕ್ಕೆ ಕಟ್ಟಿಹಾಕುವ ಅರ್ಥಿಂಗಿನ ಎಳೆ ಅದೇ ಎಂಬುದು ನನಗೆ ತಿಳಿದದ್ದು ತಲೆಗೂದಲು ಬೆಳ್ಳಗಾದ ಮೇಲೆ. ಅಂದು ನಮಗೆ ಅದು ಹೆಚ್ಚಿನದು. ರಿಪೇರಿ ಮುಗಿದ ಮೇಲೆ ಒಂದು ಸ್ಕ್ರೂ ಉಳಿಯದಿದ್ದರೆ ಅದು ರಿಪೇರಿಯೇ ಅಲ್ಲ ಎಂದು ನಂಬಿದ ಜನ ನಾವು.

ದಪ್ಪ ತಂತಿ ಜೋಡಿಸಿ ಸ್ವಿಚ್ಚು ಒತ್ತಿದೆ. ಗುಂಯ್ ಎಂದಿತು.

ಆ ಸದ್ದನ್ನು ಹೇಗೆ ಹೇಳಲಿ? ಸೊಳ್ಳೆಯ ಗುಂಯ್ ಅಲ್ಲ, ಕಣಜದ್ದೂ ಅಲ್ಲ. ನಿಮ್ಮ ಓಣಿಯ ಹಿಟ್ಟಿನ ಗಿರಣಿಯನ್ನು ತಂದು ದೇವರ ಕೋಣೆಯಲ್ಲಿ ಇಟ್ಟರೆ ಹೇಗೋ ಹಾಗೆ. ಹಾಡುವವಳು ಉಗುಳು ನುಂಗುವುದಿರಲಿ, ಅವಳು ಹಾಡುತ್ತಿದ್ದಾಳೋ ಇಲ್ಲವೋ ಎಂಬುದೇ ಸಂಶಯವಾಯಿತು. ಗಾಬರಿಯಲ್ಲಿ ನಾನು ಪ್ಲೇಯರಿನ ಲೋಹದ ಪಟ್ಟಿಯ ಮೇಲೆ ಕೈಯಿಟ್ಟೆ. ಗುಂಯ್ ನಿಂತಿತು. ಕೈ ತೆಗೆದೆ, ಗುಂಯ್. ಇಟ್ಟೆ, ಹಾಡು. ತೆಗೆದೆ, ಗಿರಣಿ.

ಪದ್ಮಣ್ಣ ತಲೆ ತುರಿಸಿಕೊಂಡು ಫರಸಿ ಕಲ್ಲಿನ ನೆಲವನ್ನು ಕಾಲಿನಿಂದ ತಟ್ಟಿ ನೋಡಿದ. “ನಿಮ್ಮ ಮನಿ ನೆಲಾನ ಸರಿ ಇಲ್ಲೊ. ಎಷ್ಟು ಮನ್ಯಾಗ ಹಿಂಗ ಮಾಡಿಕೊಟ್ಟೀನಿ, ಖರೇ ಹೇಳತೀನಿ, ಎಲ್ಲೂ ಗುಂಯ್ ಅಂದಿಲ್ಲ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಆಗ ನಮಗೆ ಈ ಗಾದೆ ನೆನಪಾಗಲಿಲ್ಲ, ನಾಚಿಕೆ ಆಯಿತು. ಊರಿನಲ್ಲಿ ಯಾರ ಮನೆಯಲ್ಲೂ ಇಲ್ಲದ ಗುಂಯ್ ನಮ್ಮ ಮನೆಯಲ್ಲಿ ಮಾತ್ರ ಇದೆ ಎಂದರೆ ಏನರ್ಥ? ಮನೆತನದ ರೋಗವನ್ನು ಮುಚ್ಚಿಡುವ ಹಾಗೆ ನಾವು ಅದನ್ನು ಮುಚ್ಚಿಟ್ಟೆವು. ಹಾಡು ಹಚ್ಚಬೇಕಾದರೆ ಮನೆಯ ಒಬ್ಬರು ಪ್ಲೇಯರಿಗೆ ಕೈ ಹಚ್ಚಿ ಕೂಡಬೇಕು, ಇದು ಮನೆಯ ಪದ್ಧತಿಯಾಯಿತು. ನೀರು ತುಂಬುವ ಪಾಳಿ, ಕಸ ಹೊಡೆಯುವ ಪಾಳಿ ಇದ್ದ ಹಾಗೆ ಕೈ ಹಚ್ಚುವ ಪಾಳಿ.

ಇದರಲ್ಲೂ ತರತಮ ಇತ್ತೆಂದರೆ ನಂಬುತ್ತೀರಾ? ನಾನು ಕೈ ಹಚ್ಚಿದರೆ ತೆಳ್ಳಗೆ ಒಂದಿಷ್ಟು ಗುಂಯ್ ಉಳಿಯುತ್ತಿತ್ತು. ಅವ್ವ ಹಚ್ಚಿದರೆ ಇನ್ನೂ ಕಡಿಮೆ. ಆಯಿ ಹಚ್ಚಿದರೆ ಸಂಪೂರ್ಣ ನಿಶ್ಶಬ್ದ. ‘ಲಿಂಗಪೂಜಿ ಮಾಡಿದ ಕೈ, ಸುಮ್ನ ಅಲ್ಲ’ ಎಂದು ಅವಳು ಬೀಗುತ್ತಿದ್ದಳು. ಕಾಲು ಒದ್ದೆಯಿದ್ದರೆ ಇನ್ನೂ ಒಳ್ಳೆಯದೆಂದು ನಾನು ಶೋಧಿಸಿ, ಒಂದು ಸಂಜೆ ಆಯಿಯ ಕಾಲುಗಳನ್ನು ನೀರು ತುಂಬಿದ ಪರಾತದಲ್ಲಿ ಇಡಿಸಿದೆ. ಹಾಡು ಅಮೃತದಂತೆ ಬಂತು, ಆಯಿಗೆ ನೆಗಡಿಯೂ ಬಂತು. ದಯವಿಟ್ಟು ನೀವು ಇದನ್ನು ಮಾಡಬೇಡಿ. ಕರೆಂಟಿಗೆ ನಮ್ಮ ಆಯಿಯ ಮೇಲೆ ಇದ್ದ ಮರ್ಯಾದೆ ನಿಮ್ಮ ಮೇಲೆ ಇರುತ್ತದೆಂದು ಹೇಳಲಾಗದು.

ಪದ್ಮಣ್ಣನ ಮಾತು ಕೇಳಿ, ಕೈಯ ಬದಲು ಪ್ಲೇಯರಿನಿಂದ ಅಂಗಳದ ನಲ್ಲಿಗೆ ಒಂದು ತಂತಿ ಎಳೆದದ್ದೂ ಆಯಿತು. ಮೊದಲ ದಿನವೇ ಅವ್ವ ಅದರ ಮೇಲೆ ಒದ್ದೆ ಸೀರೆ ಹಾಕಿದಳು. ಸೀರೆಯ ಭಾರಕ್ಕೆ ತಂತಿ ಜಗ್ಗಿ, ಒಳಗೆ ಪ್ಲೇಯರು ಹಾಡುತ್ತ ಹಾಡುತ್ತ ಮೇಜಿನ ಅಂಚಿನವರೆಗೆ ನಡೆದು ಬಂತು. ಮಾರನೆಯ ದಿನ ಹಾಸಿಗೆಯ ಚಾದರವನ್ನೇ ಹಾಕಿದಳು. ಅಂಗಳದಲ್ಲಿ ತಂತಿ ಕಂಡರೆ ಒದ್ದೆ ಬಟ್ಟೆ ಹಾಕದೆ ಇರುವುದು ಅವ್ವನ ಕೈಯಲ್ಲಿ ಆಗದ ಮಾತು, ತಂತಿಯನ್ನೇ ಸುತ್ತಿಟ್ಟೆವು.

ಇನ್ನು ನನ್ನ ಮದುವೆಯ ಮಾತಿಗೆ ಬರುತ್ತೇನೆ. ಆಯಿ ನನಗೆ ಹೆಣ್ಣು ನೋಡಲು ತೊಡಗಿ ಬಹಳ ದಿನವಾಗಿತ್ತು. ನಾನು ನೋಡಲು ಅಷ್ಟೇನೂ ಕೆಟ್ಟದಾಗಿರಲಿಲ್ಲ. ಆದರೆ ಕನ್ಯೆ ನೋಡಲು ಹೋದಲ್ಲಿ, ಹುಡುಗಿಯನ್ನು ಏನಾದರೂ ಕೇಳು ಎಂದರೆ, ನಾನು ‘ನಿಮ್ಮ ಮನೆಯ ರೇಡಿಯೋಕ್ಕೆ ಯಾವ ವಾಯರು ಹಾಕಿದ್ದೀರಿ’ ಎಂದು ಕೇಳುತ್ತಿದ್ದೆ. ಹೀಗಾಗಿ ಎರಡನೆಯ ಸಲ ಯಾರೂ ಕರೆಯುತ್ತಿರಲಿಲ್ಲ. ಕೊನೆಗೆ ಪದ್ಮಣ್ಣನೇ ಖಾನಾಪುರದ ಸಂಬಂಧ ತಂದ. ಹುಡುಗಿಯ ತಂದೆ ಶಿವಲಿಂಗಪ್ಪನವರು, ಹಂಚಿನ ವ್ಯಾಪಾರ. ಹಾಡಿನ ಹುಚ್ಚು, ನಾಟ್ಯಗೀತೆಗಳ ರೆಕಾರ್ಡು ರಾಶಿ. ಖಾನಾಪುರದವರ ರೀತಿ ನಿಮಗೆ ಗೊತ್ತಲ್ಲ, ಮಾತು ಕನ್ನಡದಲ್ಲಿ, ತಲೆದೂಗುವುದು ಮರಾಠಿಯಲ್ಲಿ.

“ಅವರಿಗೂ ನಾನ ಮಷೀನ್ ಸುಧಾರಿಸಿ ಕೊಟ್ಟೀನಿ,” ಎಂದ ಪದ್ಮಣ್ಣ. “ಆದ್ರ ಒಂದು ಮಾತು. ಮನಷ್ಯಾ ಭಾಳ ತಿಗಡಿ. ಬಂದ ವರಾ ಎಲ್ಲಾ ಒಲ್ಲೆ ಅಂದಾನ. ಒಬ್ಬಾಂವ ಹಾಡಿನಾಗ ಚಾ ಸೊರ್ ಅಂತ ಕುಡದಾ ಅಂತ ಬ್ಯಾಡ. ಒಬ್ಬಾಂವ ತಾಳ ತಪ್ಪಿ ತಲಿ ಅಲಗಾಡಿಸಿದಾ ಅಂತ ಬ್ಯಾಡ. ಅವಗ ಹಾಡು ತಿಳಿಯೂ ಅಳಿಯಾ ಬೇಕಂತ.”

ಆಯಿ, ಅವ್ವ ಖಾನಾಪುರಕ್ಕೆ ಹೋಗಿ ಹುಡುಗಿ ನೋಡಿ ಬಂದರು. ಕಾರ್ಖಾನೆಯಲ್ಲಿ ರಜೆ ಸಿಗದೆ ನಾನು ಹೋಗಿರಲಿಲ್ಲ. ಆಯಿಗೆ ಹುಡುಗಿ ಒಪ್ಪಿಗೆ. “ಶಶಿಕಲಾ ಅಂತ. ಲಕ್ಷಣ ಅದಾಳ. ನಾಚಿಕಿ ಭಾಳ. ಚಾ ಕೊಟ್ಟು ಹೋಗಿ ಮೂಲ್ಯಾಗ ಹಾಡಿನ ಪೆಟಗಿ ಬಾಜೂಕ ಕುಂತಾಕಿ, ನಾವು ಏಳೂತನಾ ಜಾಗಾ ಬಿಟ್ಟು ಅಲಗಾಡ್ಲಿಲ್ಲ” ಎಂದಳು. ಆಯಿ ತಂದ ಫೋಟೋದಲ್ಲಿ ಹುಡುಗಿ, ಫೋಟೋ ತೆಗೆಯುವವನ ಮೇಲೆ ಸ್ವಲ್ಪ ಸಿಟ್ಟಾದ ಹಾಗೆ, ನೆಟ್ಟಗೆ ನೋಡುತ್ತಿದ್ದಳು. ಆ ಸಿಟ್ಟು ನನಗೆ ಬಹಳ ಹಿಡಿಸಿತು. ಮಚ್ಛೆಗೆ ಹೋಗುವ ದಾರಿಯಲ್ಲಿ ಸೈಕಲ್ಲಿನ ಮೇಲೆ ಆ ಫೋಟೋ ನೆನೆದು ನಗುತ್ತ ಎಮ್ಮೆಯೊಂದಕ್ಕೆ ಗುದ್ದಿದೆನೆಂದರೆ ಉಳಿದದ್ದು ನೀವೇ ತಿಳಿಯಿರಿ. ಮದುವೆಯಾದರೆ ಇವಳನ್ನೇ ಎಂದು ನಿಶ್ಚಯಿಸಿದೆ. ಎಮ್ಮೆಗೆ ಏನೂ ಆಗಲಿಲ್ಲ.

ಇನ್ನು ಉಳಿದದ್ದು ಶಿವಲಿಂಗಪ್ಪನವರು ಬಂದು ಮನೆ, ವರ ನೋಡುವುದು. ಬರುವಾಗ ತಮ್ಮ ಮೆಚ್ಚಿನ ರೆಕಾರ್ಡೊಂದನ್ನು ತರುತ್ತಾರೆಂದೂ, ಅದಕ್ಕೆ ಸೂಜಿ ಇಡಲು ಮಗಳನ್ನು ಬಿಟ್ಟು ಬೇರೆ ಯಾರ ಕೈಯನ್ನೂ ನಂಬುವುದಿಲ್ಲವಾದ್ದರಿಂದ ಅವಳನ್ನೂ ಕರೆತರುತ್ತಾರೆಂದೂ ಸುದ್ದಿ ಬಂತು. ಮದುವೆಗೆ ಮೊದಲೇ ಹುಡುಗಿ ವರನ ಮನೆಗೆ ಬರುವುದೇ ಎಂದು ಅವ್ವ ಬೆರಗಾದಳು. “ಹುಡಿಗಿ ಬರಾಕತ್ತಿಲ್ಲ, ರೆಕಾರ್ಡ್ ಬರಾಕತ್ತೈತಿ. ಹುಡಿಗಿ ಅದರ ಜೋಡಿ ಬರ್ತಾಳ,” ಎಂದು ಪದ್ಮಣ್ಣ ಸಮಾಧಾನ ಹೇಳಿದ.

ನಮ್ಮ ಚಿಂತೆಯೇ ಬೇರೆ. ಗುಂಯ್ ಕೇಳಿಸಿತೋ, ಸಂಬಂಧ ಮುರಿಯಿತು. ಅಂದು ಯಾರು ಕೈ ಹಚ್ಚಬೇಕು? ಆಯಿ ಖಂಡಿತ ಆಗದೆಂದಳು. “ಹಿರೇ ಮನಷ್ಯಾಳು ನಾನು. ಬೀಗರ ಜೋಡಿ ಮಾತಾಡ್ಲೇನು, ನಿನ್ನ ಪೆಟಗಿ ಹಿಡಕೊಂಡು ಕುಂದ್ರಲೇನು?” ಅವ್ವ ಒಲೆಯ ಮುಂದೆ. ಪದ್ಮಣ್ಣನ ಕೈಗೆ ಗುಂಯ್ ಬಗ್ಗುತ್ತಲೇ ಇರಲಿಲ್ಲ, ಕರೆಂಟಿಗೆ ಹೆದರಿ ಕಾಲಿನ ರಬ್ಬರ್ ಬೂಟು ಕಳಚಲು ಅವನು ಒಪ್ಪುತ್ತಿರಲಿಲ್ಲ. ಉಳಿದವನು ನಾನು.

“ಅದರ ಮ್ಯಾಲೆ ಕೈ ಇಟ್ಟಕೊಂಡು ಕುಂದ್ರು,” ಎಂದು ಪದ್ಮಣ್ಣ ಉಪಾಯ ಹೇಳಿದ. “ಹಾಡಿನ ಮ್ಯಾಲೆ ಎಷ್ಟ ಪ್ರೀತಿ ನೋಡು ಅಂತಾರ. ಮತ್ತ, ಅವರು ಬಾಗಲಕ್ಕ ಬರೂದರಾಗ ಹಾಡು ಶುರು ಇರಬೇಕು.”

ಶುರು ಇತ್ತು. ನಾನು ಇಸ್ತ್ರಿಯ ಅಂಗಿ ತೊಟ್ಟು, ಬರಿಗಾಲಿನಲ್ಲಿ, ಪ್ಲೇಯರಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಎಡಗೈ ಪಟ್ಟಿಯ ಮೇಲೆ ಊರಿದ್ದೆ. ಬಾಗಿಲಲ್ಲಿ ಮೂವರು ಬಂದರು. ಮುಂದೆ ಬಿಳಿ ಟೊಪ್ಪಿಗೆಯ ಶಿವಲಿಂಗಪ್ಪನವರು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ ರೆಕಾರ್ಡನ್ನು ಧೋತರದ ತುಂಡಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು. ಹಿಂದೆ ಅವರ ಹೆಂಡತಿ ಗಂಗವ್ವನವರು, ಅವರ ಹಿಂದೆ ಶಶಿಕಲಾ. ಫೋಟೋದಲ್ಲಿದ್ದಷ್ಟೇ ಸಿಟ್ಟು, ಕಣ್ಣು ಇನ್ನೂ ಚೆಂದ.

ನಾನು ಏಳಲಿಲ್ಲ. ಏಳುವಂತಿರಲಿಲ್ಲ. ಕೂತಲ್ಲಿಂದಲೇ ಒಂದು ಕೈಯಿಂದ ಅರ್ಧ ನಮಸ್ಕಾರ ಮಾಡಿದೆ. ಶಿವಲಿಂಗಪ್ಪನವರು ಆ ಅರ್ಧ ನಮಸ್ಕಾರವನ್ನು ನೋಡಿದರು, ಆಮೇಲೆ ನನ್ನ ಕಾಲು ನೋಡಿದರು. ಜಮಖಾನೆಯ ಮೇಲೆ ಕೂತರು.

“ಬರ್ರಿ, ಆರಾಮ ಕುಂದರ್ರಿ. ಬಸ್ಸಿನಾಗ ಗದ್ದಲ ಇತ್ತೇನು?” ಎಂದಳು ಆಯಿ. ಗಂಗವ್ವನವರು ಮಾತ್ರ ಕೂಡಲಿಲ್ಲ. ಅವ್ವ ಎಷ್ಟು ಹೇಳಿದರೂ ಸೆರಗು ಹೊದ್ದು ಅಡುಗೆಮನೆಯ ಬಾಗಿಲಿಗೆ ಆತುಕೊಂಡು ನಿಂತರು. ನಿಂತು ಹಾಡು ಕೇಳುತ್ತಿದ್ದರು.

ಸ್ವಲ್ಪ ಹೊತ್ತಿಗೆ ಶಿವಲಿಂಗಪ್ಪನವರು ಬಹಳ ಮೆತ್ತಗೆ, “ತಮ್ಮಾ, ಒಂದು ತಂಬಿಗಿ ನೀರ ತಗೊಂಬಾ” ಎಂದರು.

“ಅವ್ವಾ, ನೀರು!” ಎಂದು ನಾನು ಕೂತಲ್ಲಿಂದಲೇ ಕೂಗಿದೆ.

ನೀರು ಕುಡಿದರು. “ಸೆಖಿ ಆಗೇತಿ. ಆ ಕಿಡಕಿ ಸ್ವಲ್ಪ ತಗೀತಿಯೇನು?”

“ಪದ್ಮಣ್ಣಾ, ಕಿಡಕಿ!”

ಪದ್ಮಣ್ಣ ಕಿಡಕಿ ತೆಗೆದ. ಶಿವಲಿಂಗಪ್ಪನವರು ಅವನ ಮುಖವನ್ನು ನೋಡಿದ ನೋಟಕ್ಕೆ ಕಿಡಕಿ ತನ್ನಿಂದ ತಾನೇ ಮುಚ್ಚಿಕೊಳ್ಳಬೇಕಿತ್ತು. ಅವಲಕ್ಕಿ, ಕುಂದಾ ಬಂದವು. ನಾನು ಬಲಗೈಯಲ್ಲೇ ತಾಟು ಹಿಡಿದು, ಬಲಗೈಯಲ್ಲೇ ತಿನ್ನಲು ಹೋಗಿ, ಕೊನೆಗೆ ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅದು ಸರಿಯಿತು. ಕುಂದಾ ಇಸ್ತ್ರಿಯ ಪ್ಯಾಂಟಿನ ಮೇಲೆ ಬಿತ್ತು. ಆದರೂ ನಾನು ಏಳಲಿಲ್ಲ. ಮೈಮೇಲೆ ಬೆಚ್ಚನೆಯ ಕುಂದಾ ಬಿದ್ದರೂ ಏಳದ ವರನನ್ನು ಖಾನಾಪುರದವರು ಅಂದೇ ಮೊದಲು ನೋಡಿದ್ದು. ಶಶಿಕಲಾ ಮಾತ್ರ ನನ್ನ ಪ್ಯಾಂಟು ನೋಡಲಿಲ್ಲ. ಅವಳ ಕಣ್ಣು ಪಟ್ಟಿಯ ಮೇಲಿನ ನನ್ನ ಎಡಗೈಯ ಮೇಲಿತ್ತು.

“ನಮ್ಮ ರೆಕಾರ್ಡ್ ಹಚ್ಚು, ಶಶೀ” ಎಂದರು ತಂದೆ. ಅವಳು ಬಂದು, ಧೋತರ ಬಿಚ್ಚಿ, ರೆಕಾರ್ಡು ಬದಲಿಸಿ, ಸೂಜಿಯನ್ನು ಕೂಸನ್ನು ಮಲಗಿಸುವ ಹಾಗೆ ಇಟ್ಟಳು. ಹಾಡು ಏರಿತು. ಶಿವಲಿಂಗಪ್ಪನವರ ತಲೆ ತೂಗಿತು. “ವಾಹ್ವಾ! ಕಾಯ್ ಆವಾಜ ಆಹೇ!” ಎಂದು ಆವಾಜನ್ನು ಮರಾಠಿಯಲ್ಲಿ ಮೆಚ್ಚಿದರು. ನನ್ನ ಜೀವ ಹೂವಾಯಿತು. ಅಷ್ಟರಲ್ಲಿ ಅವರಿಗೆ ತಾವು ಬಂದ ಕೆಲಸ ನೆನಪಾಯಿತು.

“ತಮ್ಮಾ, ಸಿಟ್ಟಿಗೆ ಬರಬ್ಯಾಡ. ಹೆಣ್ಣ ಹೆತ್ತವರು ನಾವು. ಒಮ್ಮಿ ಎದ್ದು ಬಾಗಲತನಾ ಅಡ್ಡಾಡಿ ತೋರಸು.”

ಆಯಿ ಕೆಂಡವಾದಳು. “ನಮ್ಮ ಹುಡುಗ ಏನ್ ಕುಂಟ ಅದಾನೇನ್ರಿ?”

“ಅಲ್ಲ ಅಂತ ನಾನೂ ಅಂದಕೊಂಡೀನ್ರಿ. ಆದ್ರ ನಾವು ಬಂದಾಗಿಂದ ಅಂವ ಎದ್ದಿಲ್ಲ. ಕುಂದಾ ಬಿದ್ದರೂ ಎದ್ದಿಲ್ಲ.”

ನಾನು ಪದ್ಮಣ್ಣನನ್ನು ನೋಡಿದೆ. ಪದ್ಮಣ್ಣ ತೊಲೆ ನೋಡಿದ. ಎದ್ದರೆ ಗುಂಯ್, ಕೂತರೆ ಕುಂಟ. ಎರಡರಲ್ಲೂ ಶಶಿಕಲಾ ಕೈತಪ್ಪುತ್ತಾಳೆ. ಕುಂಟನೆಂದು ಕಳೆದುಕೊಳ್ಳುವುದಕ್ಕಿಂತ ಗುಂಯ್ ಎಂದು ಕಳೆದುಕೊಳ್ಳುವುದೇ ಮರ್ಯಾದೆ ಎನಿಸಿತು. ಕೈ ತೆಗೆದು ಎದ್ದು ನಿಂತೆ.

ಗುಂಯ್ ಎಂದಿತು. ಆದರೆ ಅರೆಕ್ಷಣ. ಅಷ್ಟರಲ್ಲೇ ಟಪ್ಪನೆ ನಿಂತು ಹಾಡು ಮತ್ತೆ ತಿಳಿಯಾಯಿತು. ತಿರುಗಿ ನೋಡಿದೆ. ಶಶಿಕಲಾ ನನ್ನ ಸ್ಟೂಲಿನ ಪಕ್ಕದಲ್ಲಿ ನೆಲಕ್ಕೆ ಕೂತು, ಚಪ್ಪಲಿಯಿಲ್ಲದ ಕಾಲುಗಳನ್ನು ಫರಸಿಗೆ ಒತ್ತಿ, ನನ್ನ ಕೈ ಇದ್ದ ಜಾಗದಲ್ಲೇ ತನ್ನ ಬೆರಳು ಊರಿದ್ದಳು. ಯಾರ ಕಡೆಗೂ ನೋಡುತ್ತಿರಲಿಲ್ಲ. ಎಷ್ಟೋ ದಿನದ ರೂಢಿ ಇದ್ದವರು ಮಾತ್ರ ಹಾಗೆ ಕೂಡುತ್ತಾರೆ.

ನಾನು ಬಾಗಿಲತನಕ ನಡೆದೆ, ತಿರುಗಿ ಬಂದೆ. ಇನ್ನೊಮ್ಮೆ ನಡೆದೆ. ಪ್ಯಾಂಟಿನ ಮೇಲೆ ಕುಂದಾ ಇಟ್ಟುಕೊಂಡು ಕುದುರೆಯ ಹಾಗೆ ನಡೆದೆ. ಶಿವಲಿಂಗಪ್ಪನವರು ನನ್ನ ಕಾಲನ್ನು ನೋಡಲೇ ಇಲ್ಲ. ಮಗಳ ಬೆರಳನ್ನು ನೋಡುತ್ತಿದ್ದರು.

“ನಿಮ್ಮ ಮನ್ಯಾಗೂ ಗುಂಯ್ ಅಂತೈತೇನು?” ಎಂದರು, ಕೇಳಿಸಿಯೂ ಕೇಳಿಸದ ಹಾಗೆ.

“ನಿಮ್ಮ ಮನ್ಯಾಗೂ?” ಎಂದಳು ಆಯಿ.

“ನಮ್ಮ ನೆಲಾ ಸರಿ ಇಲ್ಲಂತ. ಹಂಚಿನ ಮಣ್ಣಂತ. ಬ್ಯಾರೆ ಯಾರ ಮನ್ಯಾಗೂ ಇಲ್ಲಂತ!”

“ನಮಗೂ ಹಂಗ ಹೇಳ್ಯಾನ್ರಿ!”

ಎಲ್ಲರೂ ಒಟ್ಟಿಗೆ ಪದ್ಮಣ್ಣನ ಕಡೆ ತಿರುಗಿದರು. ಪದ್ಮಣ್ಣ ಆಗಲೇ ಬಾಗಿಲು ದಾಟಿದ್ದ. “ಅಂಗಡ್ಯಾಗ ಅಪ್ಪಾ ಒಬ್ಬನ ಅದಾನ” ಎಂಬ ಮಾತು ಮಾತ್ರ ಅಂಗಳದಿಂದ ಒಳಗೆ ಬಂತು. ಅಪ್ಪನ ನೆನಪು ಅವನಿಗೆ ಅಷ್ಟು ಜೋರಾಗಿ ಬಂದದ್ದು ಅದೇ ಮೊದಲು.

ಶಿವಲಿಂಗಪ್ಪನವರು ನಗತೊಡಗಿದರು. ಆಯಿಯೂ ನಕ್ಕಳು. ಇಷ್ಟು ದಿನ ಇಡೀ ಜಿಲ್ಲೆಯಲ್ಲಿ ತಮ್ಮದೊಂದೇ ಮನೆ ಎಂದು ಗುಟ್ಟಾಗಿ ನಾಚಿಕೊಂಡಿದ್ದ ಎರಡು ಮನೆಯವರು ತೊಡೆ ತಟ್ಟಿಕೊಂಡು ನಕ್ಕರು. ಪರಾತದ ಕಥೆಯನ್ನು ಆಯಿ ಅಭಿನಯಿಸಿ ತೋರಿಸಿದಳು. ನಾನೂ ನಗುತ್ತಲೇ ಶಶಿಕಲಾಳನ್ನು ನೋಡಿದೆ. ಅವಳು ನಗಲಿಲ್ಲ, ತಂದೆಯನ್ನು ನೋಡುತ್ತಿದ್ದಳು. ಯಾಕೆಂದರೆ ಶಿವಲಿಂಗಪ್ಪನವರ ನಗೆ ನಿಂತುಹೋಗಿತ್ತು. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಹುಡುಗ ಚಲೋ ಅದಾನ. ನೀವೂ ಚಲೋ ಅದೀರಿ,” ಎಂದರು. “ಸುಳ್ಳ ಯಾಕ ಹೇಳಲಿ, ಮೊದಲಿನವರೂ ಎಲ್ಲಾರೂ ಚಲೋನ ಇದ್ದರು. ಚಾ ಸೊರ್ ಅಂತ ನಾನೂ ಕುಡೀತೀನಿ. ಸಂಜಿಮುಂದ ನಾ ಮನಿಗೆ ಬಂದಕೂಡ್ಲೆ ಇಕಿ ಬಂದು ಕೈ ಹಚ್ಚಿ ಕುಂದರ್ತಾಳ. ನಾ ಹಾಡ ಕೇಳತೀನಿ. ಇಕಿನ್ನ ಕೊಟ್ಟರ ನಮ್ಮ ಮಷೀನಿಗೆ ಕೈ ಹಚ್ಚವರು ಯಾರು?”

ಅವರ ಮಾತಿಗೆ ನಗುವುದೋ ಅಳುವುದೋ ನಮಗೆ ತಿಳಿಯಲಿಲ್ಲ. ಗುಂಯ್ ದಾಟಿದೆ, ಕುಂಟತನ ದಾಟಿದೆ, ಇದನ್ನು ದಾಟುವುದು ಹೇಗೆ? ಪ್ಲೇಯರಿನ ಬಳಿ ಶಶಿಕಲಾಳ ಕಣ್ಣು ತುಂಬಿತ್ತು. ಆದರೆ ಬೆರಳು ತೆಗೆದಿರಲಿಲ್ಲ, ಹಾಡು ತಿಳಿಯಾಗಿ ಬರುತ್ತಲೇ ಇತ್ತು.

“ನಾ ಏನ್ ಸತ್ತೀನೇನ್ರಿ?”

ದನಿ ಬಂದದ್ದು ಅಡುಗೆಮನೆಯ ಬಾಗಿಲಿನಿಂದ. ಗಂಗವ್ವನವರು ಬಂದಾಗಿನಿಂದ ಆಡಿದ ಮೊದಲ ಮಾತು ಅದು.

“ಲಗ್ನ ಆದಾಗಿಂದ ನಿಮ್ಮ ಹಾಡೆಲ್ಲಾ ಹಿಂಗ ಬಾಗಲದಾಗ ನಿಂತ ಕೇಳೀನಿ. ಯಾವ ಹಾಡಿನ ಹಿಂದ ಯಾವ ಹಾಡು ಬರತೈತಿ ಅಂತ ನಿದ್ದ್ಯಾಗ ಕೇಳ್ರಿ, ಹೇಳತೀನಿ. ಚಾ ತಾ ಅಂದೀರಿ, ದೀಪಾ ಹಚ್ಚು ಅಂದೀರಿ. ಒಂದ ದಿವಸರ, ಬಾ, ಬಾಜೂಕ ಕುಂದ್ರು ಅಂದೀರೇನು?”

ಶಿವಲಿಂಗಪ್ಪನವರು ಹೆಂಡತಿಯನ್ನು, ಮೊದಲ ಸಲ ನೋಡುತ್ತಿರುವವರ ಹಾಗೆ, ಬಹಳ ಹೊತ್ತು ನೋಡಿದರು. ಆಮೇಲೆ ಜಮಖಾನೆಯ ಮೇಲೆ ಒಂದಿಷ್ಟು ಸರಿದು, ಪಕ್ಕದಲ್ಲಿ ಜಾಗ ಮಾಡಿ, “ಬಾ, ಕುಂದ್ರು” ಎಂದರು.

“ಈಗ ಬ್ಯಾಡ. ಬೀಗರ ಮನ್ಯಾಗ ಚಂದ ಕಾಣೂದಿಲ್ಲ,” ಎಂದರು ಗಂಗವ್ವನವರು, ಸೆರಗು ಸರಿಪಡಿಸಿಕೊಳ್ಳುತ್ತ. “ಮೊದ್ಲ ಇವರಿಗೆ ಹೂಂ ಅನ್ರಿ. ನಮ್ಮ ಮನ್ಯಾಗ ಕೈ ಹಚ್ಚಿ ಕುಂದರ್ತೀನಿ. ಅವತ್ತ ಚಾ ನೀವ ಮಾಡ್ರಿ.”